ಹಚ್ಚಂಬಲಿ ವರ್ಷಕ್ಕೊಂದೇ ದಿನವೇ?

ಶೀಗೆ ಹುಣ್ಣಿಮೆ, ಅಂದರೆ ಭೂಮಿ ಹುಣ್ಣಿಮೆಯ ಹಿಂದಿನ ದಿನ ಸಾಗರ, ಹೊಸನಗರದ ಹಳ್ಳಿಗಳಲ್ಲಿ ದೀವರ ಸಮುದಾಯದ ಹೆಂಗಸರು ಗದ್ದೆಯಂಚು, ಬೇಲಿ, ಬ್ಯಾಣಗಳನ್ನು ಸುತ್ತಿ ಸೊಪ್ಪು ಕೊಯ್ದು ತರುತ್ತಾರೆ. ನೂರೊಂದು ಬಗೆ ಸೇರಬೇಕೆಂಬುದು ರೂಢಿಯ ಮಾತು. ಸಿಕ್ಕಷ್ಟನ್ನೇ ಬೇಯಿಸಿ ಮಾಡಿದ ಹಚ್ಚಂಬಲಿಯನ್ನು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಹೊತ್ತು, ಬೆಳಕು ಹರಿಯುವ ಹೊತ್ತಿಗೆ ಗದ್ದೆಗೆ ಬೀರುತ್ತಾರೆ. ಬಸುರಿ ಭೂಮಿತಾಯಿಯ ಬಯಕೆ ತೀರಿಸುವ ಊಟ ಅದು. ಒಳ್ಳೆಯ ಊಟವೆಂದರೆ ಹಲವು ಬಗೆಯ ಊಟ ಎಂಬ ತಿಳಿವಳಿಕೆ ಈ ಹಬ್ಬದೊಳಗೇ ಇದೆ. ಭೂಮಿಗೆ ವರ್ಷಕ್ಕೊಮ್ಮೆ ಬಡಿಸುವ ಆ ವೈವಿಧ್ಯ ನಮ್ಮ ದಿನದ ಊಟಕ್ಕೂ ಮರಳಿದರೆ ಸಕ್ಕರೆ ಕಾಯಿಲೆಯನ್ನು ದೂರವಿಡಲು ನೆರವಾದೀತು ಎಂಬುದು ನನ್ನ ವಾದ. ಆದರೆ ಒಂದು ಷರತ್ತಿದೆ, ಅದನ್ನು ಮುಂದೆ ಹೇಳುತ್ತೇನೆ.

2023ರಲ್ಲಿ ಹೊರಬಂದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಲೆಕ್ಕದಲ್ಲಿ ದೇಶದ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಭಾರತೀಯರ ಊಟದ ಶಕ್ತಿಯಲ್ಲಿ ಸುಮಾರು ಶೇ. 62ರಷ್ಟು ಪಿಷ್ಟ, ಸಕ್ಕರೆಗಳಿಂದಲೇ ಬರುತ್ತದೆಂದು ಅದೇ ಅಧ್ಯಯನದ 2025ರ ವರದಿ ತೋರಿಸಿತು. ಇನ್ನು ಊಟದ ವೈವಿಧ್ಯದ ಮಾತು. ಇಂಗ್ಲೆಂಡಿನ ನಾರ್ಫೋಕ್ ಪ್ರಾಂತ್ಯದ 23 ಸಾವಿರಕ್ಕೂ ಹೆಚ್ಚು ಜನರನ್ನು ಸುಮಾರು ಹತ್ತು ವರ್ಷ ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಧಾನ್ಯ, ತರಕಾರಿ, ಹಣ್ಣು, ಹಾಲಿನ ಪದಾರ್ಥ, ಮಾಂಸ ಅಥವಾ ಅದಕ್ಕೆ ಬದಲಾದ ಬೇಳೆಕಾಳು, ಈ ಐದನ್ನೂ ಉಣ್ಣುತ್ತಿದ್ದವರಲ್ಲಿ, ಮೂರು ಅಥವಾ ಅದಕ್ಕೂ ಕಡಿಮೆ ಗುಂಪುಗಳಿಗೆ ನಿಂತವರಿಗಿಂತ, ಹೊಸದಾಗಿ ಮಧುಮೇಹ ಬರುವ ಅಪಾಯ ಶೇ. 30ರಷ್ಟು ಕಡಿಮೆ ಇತ್ತು. ತರಕಾರಿಯೊಳಗೇ ಹಲವು ತರಕಾರಿ, ಹಣ್ಣಿನೊಳಗೇ ಹಲವು ಹಣ್ಣು ತಿಂದವರಿಗೂ ಲಾಭವೇ ಕಂಡಿತು. ಇಂಥ ಅಧ್ಯಯನ ನಂಟನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಸಾಬೀತು ಮಾಡುವುದಿಲ್ಲ, ನಿಜ. ಆದರೂ ಇಷ್ಟು ಜನರ ಇಷ್ಟು ವರ್ಷಗಳ ಲೆಕ್ಕವನ್ನು ತಳ್ಳಿಹಾಕುವುದು ಸುಲಭವಲ್ಲ.

ವೈವಿಧ್ಯವೆಂದರೆ ಬೇಕರಿಯ ಗಾಜಿನ ಕಪಾಟಿನಲ್ಲೂ ಇದೆಯಲ್ಲ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಅಮೆರಿಕದಲ್ಲಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬರಿಯ ಬಗೆಗಳ ಎಣಿಕೆಯಿಂದ ಮಧುಮೇಹದ ಅಪಾಯವೇನೂ ತಗ್ಗಲಿಲ್ಲ. ತಿನ್ನುವುದರ ಗುಣಮಟ್ಟ ಮುಖ್ಯವಾಯಿತು. ನನ್ನ ಷರತ್ತು ಇಲ್ಲಿಗೇ ಸೇರಿದ್ದು. ಮಲೆನಾಡಿನ ಅಡುಗೆಮನೆಗೆ ಬಗೆಗಳ ಬರವಿಲ್ಲ: ಒಂದೆಲಗ, ದೊಡ್ಡಪತ್ರೆ, ನೆಲ್ಲಿಯ ತಂಬುಳಿ, ಅಮಟೆಕಾಯಿ ಗೊಜ್ಜು, ಅಪ್ಪೆಮಿಡಿ ಉಪ್ಪಿನಕಾಯಿ. ಆದರೆ ಇವೆಲ್ಲ ಅನ್ನ ಕಲಸಿಕೊಳ್ಳಲು ಇರುವಂಥವು. ಒಳ್ಳೆಯ ತಂಬುಳಿ ಇದ್ದ ದಿನ ಅನ್ನ ಇನ್ನೊಂದು ಸಟ್ಟುಗ ಹೆಚ್ಚೇ ಹೋಗುತ್ತದೆ. ಬಾಳೆಲೆಯ ಮೇಲಿನ ಸಾಲು ಎಷ್ಟೇ ಉದ್ದವಿರಲಿ, ನಡುವಿನ ಅನ್ನದ ರಾಶಿ ಕರಗದಿದ್ದರೆ ವೈವಿಧ್ಯ ಕೆಲಸ ಮಾಡುವುದಿಲ್ಲ. ಎಲೆಯ ತುದಿಯಲ್ಲಿ ಚಮಚೆಯಷ್ಟು ಬೀಳುವ ಬಾಳೆದಿಂಡಿನ ಪಲ್ಯ ಅನ್ನದ ಜಾಗಕ್ಕೇ ಬರಬೇಕು. ಜೊತೆಗೆ ಹುರುಳಿ, ಹೆಸರುಕಾಳು, ಮಜ್ಜಿಗೆ, ತಿನ್ನುವವರಿಗೆ ಮೀನು, ಏಡಿ, ಮೊಟ್ಟೆ. ನಾರು ಹೆಚ್ಚಿದ್ದರೆ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ, ಕಾಳಿನಿಂದ ಹೊಟ್ಟೆಯೂ ಬೇಗ ತುಂಬುತ್ತದೆ. ಅನ್ನ ಬಿಟ್ಟು ಚಪಾತಿಯನ್ನೋ ರಾಗಿಯನ್ನೋ ಅಷ್ಟೇ ಪ್ರಮಾಣದಲ್ಲಿ ತಿಂದರೆ ಸಾಕೆಂಬ ನಂಬಿಕೆಗೂ ಆಧಾರ ಸಾಲದು. ಒಟ್ಟು ಪಿಷ್ಟ ತಗ್ಗದೆ ಅಪಾಯ ತಗ್ಗುವುದು ಕಾಣಲಿಲ್ಲವೆಂದು 2025ರ ವರದಿಯೇ ಹೇಳುತ್ತದೆ.

ಅಜ್ಜಂದಿರು ಮೂರು ಹೊತ್ತೂ ಗಂಜಿ, ಕಡುಬು, ಅನ್ನ ಉಂಡೇ ಬಾಳಲಿಲ್ಲವೇ? ಬಾಳಿದರು. ಗದ್ದೆ ಉತ್ತು, ಸೊಪ್ಪಿನಬೆಟ್ಟದಿಂದ ಹೊರೆ ಹೊತ್ತು, ಗುಡ್ಡ ಹತ್ತಿಳಿದು ಬಾಳಿದರು. ಈಗ ಎಷ್ಟೋ ಗದ್ದೆಗಳು ಅಡಿಕೆ ತೋಟಗಳಾಗಿವೆ, ತೋಟದ ಅಂಚಿನವರೆಗೂ ಬೈಕು ಹೋಗುತ್ತದೆ. ದುಡಿಮೆ ತಗ್ಗಿತು, ಅನ್ನ ತಗ್ಗಲಿಲ್ಲ. ಆ ಅಕ್ಕಿಯೂ ತೌಡು ಉಳಿಯದ ಬಿಳಿ ಅಕ್ಕಿ. ಗದ್ದೆ ಹೋದಾಗ ಅದರ ಅಂಚಿನ ಸೊಪ್ಪೂ ಹೋಯಿತು ಎಂಬುದು ನನಗೆ ಇನ್ನೂ ದೊಡ್ಡ ನಷ್ಟವಾಗಿ ಕಾಣುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ದುಡ್ಡಿನದು. ನಾರ್ಫೋಕ್‌ನಲ್ಲಿ ಐದೂ ಗುಂಪಿನ ಊಟಕ್ಕೆ ಶೇ. 18ರಷ್ಟು ಹೆಚ್ಚು ಖರ್ಚಾಗುತ್ತಿತ್ತು. ತೀರ್ಥಹಳ್ಳಿಯ ಸಂತೆಯಲ್ಲೂ ಕಾಳು, ಹಣ್ಣು ಅಗ್ಗವಲ್ಲ; ತೋಟದ ಕೂಲಿಗೆ ಹೋಗುವ ಮನೆಗೆ ಪಡಿತರದ ಅಕ್ಕಿಯೇ ಆಸರೆ. ಅವರಿಗೆ ವೈವಿಧ್ಯದ ಉಪದೇಶ ಮಾಡುವುದು ಅನ್ಯಾಯ. ಪಡಿತರದಲ್ಲಿ ಕಾಳು ಸೇರಬೇಕೆಂದು ಕೇಳುವುದು ನ್ಯಾಯ. ಸೊಪ್ಪು ಮಾತ್ರ ಇಲ್ಲಿ ಇನ್ನೂ ಕಾಸಿಲ್ಲದೆ ಸಿಗುತ್ತದೆ, ಗುರುತು ಹಿಡಿದು ಹದ ಮಾಡಬಲ್ಲವರು ಇದ್ದರೆ. ಕಳಲೆಯನ್ನು ಹೆಚ್ಚಿ, ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸದಿದ್ದರೆ ಅದರ ವಿಷ ಇಳಿಯುವುದಿಲ್ಲ. ಕೆಸುವಿಗೆ ಹುಳಿ ಬೀಳದಿದ್ದರೆ ಗಂಟಲು ತುರಿಸುತ್ತದೆ. ಇದು ಪುಸ್ತಕಕ್ಕಿಂತ ಹೆಚ್ಚಾಗಿ ಹಿರಿಯ ಹೆಂಗಸರ ಕೈಯಲ್ಲಿರುವ ವಿದ್ಯೆ. ಭೂಮಿ ಹುಣ್ಣಿಮೆಯ ಹಿಂದಿನ ದಿನ ಬುಟ್ಟಿ ಹಿಡಿದು ಅವರ ಹಿಂದೆ ಗದ್ದೆಯಂಚಿಗೆ ಹೋಗುವ ಮಕ್ಕಳು ಈಗ ಎಷ್ಟು ಮಂದಿ?