ಮಾರಾಟ ಪ್ರತಿನಿಧಿಯ ಸಂದರ್ಶನ: ಅಭ್ಯರ್ಥಿಯೂ ಕೇಳಬೇಕಾದ ಪ್ರಶ್ನೆಗಳು

ಪದವಿ ಮುಗಿಸಿದ ನಮ್ಮ ತರುಣ ತರುಣಿಯರಲ್ಲಿ ಅನೇಕರಿಗೆ ಮೊದಲು ದೊರೆಯುವುದು ಮಾರಾಟ ವಿಭಾಗದ ಉದ್ಯೋಗ. ಔಷಧ, ಬೀಜ, ಗೊಬ್ಬರ, ಸಿಮೆಂಟು, ವಿಮೆ, ದಿನಬಳಕೆಯ ಸಾಮಾನು, ಯಾವುದೇ ಇರಲಿ, ಊರೂರು ತಿರುಗಿ ಮಾರುವವರು ಕಂಪನಿಗೆ ಬೇಕೇ ಬೇಕು. ಸಂದರ್ಶನಕ್ಕೆ ಹೊರಟ ಮಕ್ಕಳಿಗೆ ‘ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡು’ ಎಂದು ಬುದ್ಧಿ ಹೇಳಿ ಕಳುಹುವುದು ಎಲ್ಲ ಮನೆಗಳ ವಾಡಿಕೆ. ‘ನೀನೂ ನಾಲ್ಕು ಮಾತು ಕೇಳಿ ಬಾ’ ಎನ್ನುವವರು ವಿರಳ. ‘ನಿಮ್ಮದೇನಾದರೂ ಪ್ರಶ್ನೆಯುಂಟೆ?’ ಎಂದಾಗ ‘ಏನೂ ಇಲ್ಲ ಸರ್’ ಎಂದು ಎದ್ದು ಬರುವುದನ್ನೇ ನಾವು ವಿನಯವೆಂದು ತಿಳಿದಿದ್ದೇವೆ.

ಮಾರಾಟದ ಉದ್ಯೋಗದಲ್ಲಿ ಕೈಗೆ ಬರುವ ಹಣವೇ ಷರತ್ತುಗಳನ್ನು ಅವಲಂಬಿಸಿರುತ್ತದೆ. ಆದುದರಿಂದ ಅಂದು ಕೇಳದೆ ಬಿಟ್ಟ ಪ್ರಶ್ನೆಗೆ ತಿಂಗಳು ತಿಂಗಳೂ ಬೆಲೆ ತೆರಬೇಕಾಗುತ್ತದೆ. ಮೇಲಾಗಿ, ಗಿರಾಕಿಯನ್ನು ವಿಚಾರಿಸಿ ತಿಳಿಯುವುದೇ ಮಾರಾಟಗಾರನ ವೃತ್ತಿ. ತನ್ನ ವಿಷಯದಲ್ಲಿಯೇ ವಿಚಾರಿಸಲಾರದವನು ಗಿರಾಕಿಯ ಮುಂದೆ ಏನು ವಿಚಾರಿಸಿಯಾನು?

ನೌಕರಿಯೋ, ಏಜೆನ್ಸಿಯೋ?

ಮೊದಲನೆಯ ಪ್ರಶ್ನೆ ಇದು: ‘ನಾನು ಕಂಪನಿಯ ನೌಕರನೋ, ಕಮಿಷನ್ ಮೇಲೆ ದುಡಿಯುವ ಏಜೆಂಟನೋ?’ ಜಾಹೀರಾತಿನಲ್ಲಿ ‘ಅಧಿಕಾರಿ’ ಎಂದಿದ್ದರೂ ಒಳಗೆ ನಿಗದಿತ ಸಂಬಳವೇ ಇಲ್ಲದಿರಬಹುದು. ಏಜೆನ್ಸಿಯೇನೂ ಕೀಳಲ್ಲ, ಆದರೆ ಅದನ್ನು ತಿಳಿದು ಒಪ್ಪಬೇಕು. ಠೇವಣಿ ಕಟ್ಟಿ, ಮೊದಲು ನೀವೇ ಸರಕು ಕೊಳ್ಳಿ, ಹತ್ತು ಜನರನ್ನು ಸೇರಿಸಿ ಎಂಬ ಮಾತು ಬಂದರೆ ಅಲ್ಲಿಂದ ಎದ್ದು ಬರುವುದೇ ಲೇಸು. ಜನರನ್ನು ಸೇರಿಸುವುದರಿಂದಲೇ ಹಣ ಬರುವ ಪಿರಮಿಡ್ ಯೋಜನೆಗಳನ್ನು 2021ರ ನೇರ ಮಾರಾಟ ನಿಯಮಗಳು ನಿಷೇಧಿಸಿವೆ.

ನೌಕರಿಯೇ ಆಗಿದ್ದರೆ ನೇಮಕಾತಿ ಪತ್ರ ಎಂದು ದೊರೆಯುವುದೆಂದು ಕೇಳಬೇಕು. ಮಾರಾಟ ಪ್ರತಿನಿಧಿಗಳಿಗೆ ಈ ಪತ್ರ ಕೊಡಬೇಕೆಂದು 1976ರಷ್ಟು ಹಿಂದೆಯೇ ಸಂಸತ್ತು ಪ್ರತ್ಯೇಕ ಕಾಯಿದೆ ಮಾಡಿತ್ತು. ಅದರ ಸ್ಥಾನದಲ್ಲಿ ಬಂದ 2020ರ ಕಾರ್ಮಿಕ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದ್ದು, ಅದೂ ನೇಮಕಾತಿ ಪತ್ರವನ್ನು ವಿಧಿಸುತ್ತದೆ.

ಸಂಬಳದ ಒಳಲೆಕ್ಕ

‘ವರ್ಷಕ್ಕೆ ನಾಲ್ಕು ಲಕ್ಷ’ ಎಂಬ ಮಾತು ಕೇಳಿದೊಡನೆ ಅದನ್ನು ಹನ್ನೆರಡರಿಂದ ಭಾಗಿಸಿ ಹಿಗ್ಗುವುದು ಸಹಜ. ಆದರೆ ಆ ಮೊತ್ತದಲ್ಲಿ ಭವಿಷ್ಯ ನಿಧಿಗೆ ಕಂಪನಿ ಕಟ್ಟುವ ಪಾಲು, ಗ್ರ್ಯಾಚುಯಿಟಿ ಮತ್ತು ಗುರಿ ಮುಟ್ಟಿದರೆ ಮಾತ್ರ ಬರುವ ಪ್ರೋತ್ಸಾಹ ಧನ ಎಲ್ಲವೂ ಸೇರಿರಬಹುದು. ಆದ್ದರಿಂದ ಹೀಗೆ ಕೇಳಬೇಕು: ‘ಒಂದು ರೂಪಾಯಿಯ ಮಾರಾಟವೂ ಆಗದ ತಿಂಗಳಲ್ಲಿ ನನ್ನ ಕೈಗೆ ಬರುವುದೆಷ್ಟು?’ ಮನೆಯ ಬಾಡಿಗೆ, ತಮ್ಮ ತಂಗಿಯರ ಓದು, ಸಾಲದ ಕಂತುಗಳನ್ನು ಆ ಮೊತ್ತದ ಮೇಲೆ ಲೆಕ್ಕ ಹಾಕಬೇಕೇ ಹೊರತು ಪ್ರೋತ್ಸಾಹ ಧನದ ಮೇಲಲ್ಲ.

ಗುರಿ ಮತ್ತು ಕ್ಷೇತ್ರ

ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ಗದಗ, ಹಾವೇರಿಗಳಲ್ಲಿ ಸಂಚರಿಸುವ ಔಷಧ ಪ್ರತಿನಿಧಿಯೊಬ್ಬನನ್ನು ಊಹಿಸಿಕೊಳ್ಳೋಣ. ಕಂಪನಿಯಿಂದ ಸ್ಟಾಕಿಸ್ಟರಿಗೆ ಹೋದ ಸರಕನ್ನು ‘ಪ್ರೈಮರಿ’ ಮಾರಾಟವೆಂದೂ, ಸ್ಟಾಕಿಸ್ಟರಿಂದ ಔಷಧ ಅಂಗಡಿಗೆ ಹೋದದ್ದನ್ನು ‘ಸೆಕೆಂಡರಿ’ ಮಾರಾಟವೆಂದೂ ಕರೆಯುತ್ತಾರೆ. ಗುರಿಯ ಲೆಕ್ಕ ಯಾವುದರ ಮೇಲೆ? ಅವಧಿ ಮೀರಿ ಹಿಂದಿರುಗಿದ ಔಷಧದ ಬೆಲೆಯನ್ನು ಯಾರ ಲೆಕ್ಕದಿಂದ ಕಳೆಯುತ್ತಾರೆ? ತಿಂಗಳ ಕೊನೆಗೆ ಸ್ಟಾಕಿಸ್ಟರ ಗೋದಾಮಿಗೆ ತುಂಬಿದ ಸರಕು ಇಂದು ಗುರಿ ಮುಟ್ಟಿಸಿ, ಮೂರು ತಿಂಗಳ ಬಳಿಕ ಹಿಂದಿರುಗಿ ಬಂದು ಗಳಿಸಿದ್ದನ್ನೂ ಕಳೆಯಬಲ್ಲದು.

ಇವುಗಳೊಡನೆ ಇನ್ನೂ ಮೂರು ಪ್ರಶ್ನೆಗಳನ್ನು ಸೇರಿಸಿಕೊಳ್ಳಬೇಕು. ಈ ಸ್ಥಾನ ಏಕೆ ತೆರವಾಯಿತು? ಹಿಂದಿನವರು ಎಷ್ಟು ಕಾಲ ಇದ್ದರು? ಕಳೆದ ವರ್ಷ ಈ ವಿಭಾಗದಲ್ಲಿ ಎಷ್ಟು ಜನ ಗುರಿ ಮುಟ್ಟಿದರು? ಎರಡು ವರ್ಷಗಳಲ್ಲಿ ನಾಲ್ವರು ಬಿಟ್ಟುಹೋದ ಕ್ಷೇತ್ರದಲ್ಲಿ ದೋಷ ಆ ನಾಲ್ವರದೇ ಆಗಿರುವುದು ಅಪರೂಪ.

ಓಡಾಟದ ವೆಚ್ಚ

ದಿನಕ್ಕೆ 80 ಕಿ.ಮೀ. ಬೈಕ್ ಓಡಿಸಿದರೆ 25 ದಿನಗಳಿಗೆ 2,000 ಕಿ.ಮೀ. ಆಯಿತು. ಲೀಟರಿಗೆ 50 ಕಿ.ಮೀ. ಓಡಿದರೂ 40 ಲೀಟರ್ ಪೆಟ್ರೋಲು. ಲೀಟರಿಗೆ ನೂರು ರೂಪಾಯಿಯೆಂದು ಹಿಡಿದರೆ 4,000 ರೂ. ಟೈರು, ಆಯಿಲ್, ದುರಸ್ತಿ ಬೇರೆ. ಪ್ರಯಾಣ ಭತ್ಯೆ ಕಿಲೋಮೀಟರಿಗೆ ಎಷ್ಟು, ಪರಊರಿನಲ್ಲಿ ತಂಗಿದರೆ ದಿನಭತ್ಯೆ ಎಷ್ಟು, ಬಿಲ್ಲು ಕೊಟ್ಟ ಎಷ್ಟು ದಿನಗಳಲ್ಲಿ ಹಣ ಬರುತ್ತದೆ ಎಂಬುದನ್ನು ಕೇಳಲು ಸಂಕೋಚ ಬೇಡ. ಇಲ್ಲದಿದ್ದರೆ ಕಂಪನಿಯ ಖರ್ಚನ್ನು ನಮ್ಮ ಸಂಬಳವೇ ಹೊರುತ್ತದೆ.

ಹೆಣ್ಣುಮಕ್ಕಳು ರಾತ್ರಿ ಹೊರಗೆ ತಂಗುವ ಪ್ರಸಂಗಗಳೆಷ್ಟು, ದೂರು ಕೇಳುವ ಆಂತರಿಕ ಸಮಿತಿ ಇದೆಯೇ ಎಂಬುದನ್ನೂ ವಿಚಾರಿಸಬೇಕು. 2013ರ ಲೈಂಗಿಕ ಕಿರುಕುಳ ತಡೆ ಕಾಯಿದೆಯಂತೆ, ಕೆಲಸದ ನಿಮಿತ್ತ ಭೇಟಿಕೊಡುವ ಸ್ಥಳವೂ ‘ಕೆಲಸದ ಸ್ಥಳ’ವೇ.

ಮಾರುವ ಬಗೆ

ಏನನ್ನು ಮಾರಬೇಕೆಂಬುದರಷ್ಟೇ ಹೇಗೆ ಮಾರಬೇಕೆಂಬುದೂ ಮುಖ್ಯ. ವೈದ್ಯರಿಗೆ ಅವರ ಸ್ವಂತ ಉಪಯೋಗದ ಉಡುಗೊರೆ ಕೊಡಕೂಡದೆಂದು ಕೇಂದ್ರ ಸರಕಾರವು 2024ರಲ್ಲಿ ಹೊರಡಿಸಿದ ಔಷಧ ಮಾರಾಟದ ನೀತಿಸಂಹಿತೆ ಹೇಳುತ್ತದೆ. ‘ತಮ್ಮಲ್ಲಿ ಇದರ ಪಾಲನೆ ಹೇಗೆ?’ ಎಂಬ ಪ್ರಶ್ನೆಗೆ ನಗುವೇ ಉತ್ತರವಾಗಿ ಬಂದರೆ, ಮುಂದೊಂದು ದಿನ ಯಾರ ತಲೆಯ ಮೇಲೆ ತಪ್ಪು ಬೀಳುವುದೆಂದು ಊಹಿಸಬಹುದು.

ಕೇಳುವ ರೀತಿ

ಎಲ್ಲವನ್ನೂ ಒಂದೇ ಉಸಿರಿಗೆ ಕೇಳುವುದು ತರವಲ್ಲ. ಮೊದಲು ಕೆಲಸ, ಕ್ಷೇತ್ರ, ತರಬೇತಿಗಳ ವಿಷಯ. ಆಯ್ಕೆ ಖಚಿತವಾಗುವ ಹಂತದಲ್ಲಿ ಸಂಬಳ, ಭತ್ಯೆ, ಕರಾರುಪತ್ರಗಳ ವಿಷಯ. ಪ್ರಶ್ನೆಗಳನ್ನು ಚಿಕ್ಕ ಪುಸ್ತಕದಲ್ಲಿ ಬರೆದೊಯ್ಯುವುದರಲ್ಲಿ ನಾಚಿಕೆಯಿಲ್ಲ. ಬಾಯಿಮಾತಿನ ಭರವಸೆಗಳು ನೇಮಕಾತಿ ಪತ್ರದಲ್ಲಿ ಬಂದಿವೆಯೇ ಎಂದು ನೋಡಿದ ಮೇಲೆಯೇ ಸಹಿ ಹಾಕಬೇಕು. ಮೂಲ ಅಂಕಪಟ್ಟಿಗಳನ್ನು ತೋರಿಸಿ ಮರಳಿ ತರಬೇಕು. ಒತ್ತೆಯಾಗಿ ಇಟ್ಟು ಬರಬಾರದು.

ಹಿರಿಯರಲ್ಲಿಯೂ ಒಂದು ವಿನಂತಿ. ಸಂದರ್ಶನ ಮುಗಿಸಿ ಬಂದ ಮಗನನ್ನೋ ಮಗಳನ್ನೋ ‘ಸಂಬಳ ಎಷ್ಟು ಹೇಳಿದರು?’ ಎಂದಷ್ಟೇ ಕೇಳದೆ, ‘ನೀನು ಏನು ಕೇಳಿದೆ? ಅವರು ಏನೆಂದರು?’ ಎಂದು ಕೇಳಿರಿ. ಉತ್ತರ ತೃಪ್ತಿಕರವಾಗಿಲ್ಲವೆಂದು ಅವರು ಆ ಕೆಲಸವನ್ನು ಬಿಟ್ಟರೆ, ಬಂದ ಭಾಗ್ಯವನ್ನು ಒದ್ದರೆಂದು ಹಳಿಯದಿರಿ. ವಿಚಾರಿಸಿ ಸೇರಿದ ಕೆಲಸದಲ್ಲಿ ಮಕ್ಕಳು ನಿಲ್ಲುತ್ತಾರೆ, ಬೆಳೆಯುತ್ತಾರೆ.