ನಾಯಕತ್ವ ಕಲಿಯಲು ಏಳು ದಿನದ ಎನ್‌ಎಸ್‌ಎಸ್ ಶಿಬಿರ

ನಾಯಕತ್ವ ತರಬೇತಿಗೆ ಸಾವಿರಾರು ರೂಪಾಯಿ ಶುಲ್ಕ ಕಟ್ಟುವ ಮುನ್ನ ವಿದ್ಯಾರ್ಥಿಗಳು ತಮ್ಮ ಕಾಲೇಜಿನ ಎನ್‌ಎಸ್‌ಎಸ್ ಘಟಕದ ಬಾಗಿಲು ತಟ್ಟುವುದು ಒಳ್ಳೆಯದು. ಗಾಂಧೀಜಿ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ರಾಷ್ಟ್ರೀಯ ಸೇವಾ ಯೋಜನೆ ಇದು.

ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ ಸೇವೆ, ಜೊತೆಗೆ ಹಳ್ಳಿಯೊಂದರಲ್ಲಿ ಏಳು ದಿನದ ವಿಶೇಷ ಶಿಬಿರ. ಎರಡೂ ಮುಗಿದರೆ ಪ್ರಮಾಣಪತ್ರ. ವರ್ಷವಿಡೀ ನಡೆಯುವ ಜಾಥಾ, ಗಿಡ ನೆಡುವಿಕೆಗಳಲ್ಲಿ ನಾಯಕತ್ವಕ್ಕೆ ಹೆಚ್ಚು ಜಾಗವಿಲ್ಲ. ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಂಡರೆ ಎಷ್ಟೋ ಕಡೆ ಕೆಲಸ ಮುಗಿಯಿತು. ನಿಜವಾದ ಕಲಿಕೆ ಶಿಬಿರದಲ್ಲಿದೆ.

ವಾಸ್ತವ್ಯ ಊರಿನ ಶಾಲೆಯಲ್ಲೋ ಸಮುದಾಯ ಭವನದಲ್ಲೋ. ಶಿಬಿರಾರ್ಥಿಗಳನ್ನು ಕಾವೇರಿ, ತುಂಗಾ, ಶರಾವತಿ ಎಂದು ತಂಡ ಮಾಡುತ್ತಾರೆ. ಅಡುಗೆ, ಸ್ವಚ್ಛತೆ, ಶ್ರಮದಾನ, ವೇದಿಕೆಯ ಹೊಣೆ ದಿನಕ್ಕೊಂದು ತಂಡಕ್ಕೆ ಸರದಿಯಂತೆ ಬರುತ್ತದೆ. ತಂಡದ ನಾಯಕಿಗೆ ಯಾರನ್ನೂ ದಂಡಿಸುವ ಅಧಿಕಾರವಿಲ್ಲ. ಆದರೂ ಚಳಿಗೆ ಮುದುಡಿ ಮಲಗಿದವರನ್ನು ಎಬ್ಬಿಸಿ ಧ್ವಜಾರೋಹಣಕ್ಕೆ ನಿಲ್ಲಿಸಬೇಕು. ಹೂಳೆತ್ತುವಾಗ ಸಲಿಕೆ ಮುಟ್ಟದ ಗೆಳೆಯನ ಕೈಗೆ ಸ್ನೇಹ ಕೆಡದಂತೆ ಸಲಿಕೆ ಕೊಡಬೇಕು. ತಾನು ಮೊದಲು ಚರಂಡಿಗೆ ಇಳಿಯದಿದ್ದರೆ ಇದು ಆಗದ ಮಾತು. ಸಾರು ಸಾಲದೆ ಹೋದರೆ ಬೈಗುಳವೂ ಅವಳಿಗೇ. ಮನೆಮನೆ ಸಮೀಕ್ಷೆಗೆ ಹೋದಾಗ ಯಾವುದಾದರೂ ಅಜ್ಜಿ, "ಇದನ್ನೆಲ್ಲ ಬರ್ಕೊಂಡು ಹೋಗಿ ಏನ್ಮಾಡ್ತೀಯವ್ವ?" ಎಂದು ಕೇಳಿದರೆ ಜಗಲಿಯ ಮೇಲೆ ಕೂತು ಉತ್ತರಿಸಬೇಕು. ಸಂಜೆ ಊರ ಹಿರಿಯರ ಮುಂದೆ ಮೈಕ್ ಹಿಡಿದು ನಿರೂಪಣೆ. ಮಧ್ಯಾಹ್ನ ಅತಿಥಿಗಳ ಉಪನ್ಯಾಸವೂ ಇರುತ್ತದೆ, ಹಲವು ಸಲ ನಾಯಕತ್ವದ ಬಗ್ಗೆಯೇ; ಊಟದ ಮೇಲಿನ ಆ ಹೊತ್ತಿನಲ್ಲಿ ಅರ್ಧ ಜನ ತೂಕಡಿಸುತ್ತಾರೆ.

ಘಟಕದ ಹೊಣೆ ಹೊತ್ತ ಅಧ್ಯಾಪಕರು, ಅಂದರೆ ಕಾರ್ಯಕ್ರಮಾಧಿಕಾರಿ, ಎಲ್ಲವನ್ನೂ ತಾವೇ ಮಾಡಿದರೆ ಶಿಬಿರ ಅಚ್ಚುಕಟ್ಟಾಗಿ ನಡೆಯುತ್ತದೆ, ಹುಡುಗರು ಮಾತ್ರ ಏನೂ ಕಲಿಯುವುದಿಲ್ಲ. ಹಿಂದಿನ ವರ್ಷ ಹೋಗಿ ಬಂದವರನ್ನು ಕೇಳಿದರೆ ನಿಮ್ಮ ಘಟಕದ ರೀತಿ ತಿಳಿಯುತ್ತದೆ.

ಪದವಿಯ ಮೊದಲ ವರ್ಷದಲ್ಲೇ ಹೆಸರು ನೋಂದಾಯಿಸಿ. ನೂರು ಮಂದಿಯ ಘಟಕದಲ್ಲಿ ಶಿಬಿರಕ್ಕೆ ವರ್ಷಕ್ಕೆ ಅರ್ಧದಷ್ಟು ಜನರಿಗಷ್ಟೇ ಅವಕಾಶ, ಆದ್ದರಿಂದ ಎರಡನೇ ವರ್ಷಕ್ಕೆ ಮುಂದೂಡಬೇಡಿ. ಮಾಡಿದ ಕೆಲಸದ ಗಂಟೆಗಳನ್ನು ಡೈರಿಯಲ್ಲಿ ಬರೆದು ಆಗಿಂದಾಗ್ಗೆ ಸಹಿ ಹಾಕಿಸಿಕೊಳ್ಳಿ; ಪ್ರಮಾಣಪತ್ರ ಕೊಡುವಾಗ ಲೆಕ್ಕಕ್ಕೆ ಬರುವುದು ಅದೇ.