ವೈದ್ಯರ ಪಕ್ಕ ಕೂರುವ ಲೆಕ್ಕದವರು

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಕ್ಯಾನ್ಸರ್ ಗಡ್ಡೆಯಲ್ಲಿ ಯಾವ ಜೀನ್‌ಗಳು ಎಷ್ಟು ಚುರುಕಾಗಿವೆ ಎಂಬುದನ್ನು ನೋಡಿ, ಯಾವ ರೋಗಿಗೆ ಯಾವ ಕೀಮೊಥೆರಪಿ ಔಷಧ ಕೆಲಸ ಮಾಡುತ್ತದೆಂದು ಮೊದಲೇ ಹೇಳಬಹುದು ಎನ್ನುವುದು ಅದರ ಸಾರ. ಸುದ್ದಿ ದೊಡ್ಡದಾಯಿತು. ಹ್ಯೂಸ್ಟನ್‌ನ ಎಂ.ಡಿ. ಆ್ಯಂಡರ್ಸನ್ ಕ್ಯಾನ್ಸರ್ ಕೇಂದ್ರದ ವೈದ್ಯರಿಗೂ ಈ ವಿಧಾನ ಬಳಸುವ ಆಸೆ ಹುಟ್ಟಿತು. ಆದರೆ ಅವರು ಅದಕ್ಕೂ ಮೊದಲು ತಮ್ಮದೇ ಸಂಸ್ಥೆಯ ಕೀತ್ ಬ್ಯಾಗರ್ಲಿ ಮತ್ತು ಕೆವಿನ್ ಕೂಂಬ್ಸ್ ಅವರನ್ನು ಕೇಳಿದರು. ಈ ಇಬ್ಬರೂ ವೈದ್ಯರಲ್ಲ. ವೈದ್ಯರ ಸಂಶೋಧನೆಗೆ ಲೆಕ್ಕದ ನೆರವು ಕೊಡುವವರು.

ಇಬ್ಬರೂ ಪ್ರಬಂಧದ ದತ್ತಾಂಶವನ್ನು ತೆಗೆದುಕೊಂಡು ಮೊದಲಿನಿಂದ ಲೆಕ್ಕ ಹಾಕಿದರು. ಉತ್ತರ ತಾಳೆಯಾಗಲಿಲ್ಲ. ಹುಡುಕುತ್ತಾ ಹೋದಾಗ ಜೀನ್‌ಗಳ ಪಟ್ಟಿ ಒಂದು ಸಾಲು ಜಾರಿರುವುದು ಕಂಡಿತು. ಅಂದರೆ ಒಂದು ಜೀನ್‌ನ ಅಂಕಿ ಪಕ್ಕದ ಜೀನ್‌ನ ಹೆಸರಿಗೆ ಅಂಟಿಕೊಂಡಿತ್ತು. ಇನ್ನು ಕೆಲವು ಕಡೆ ‘ಔಷಧಕ್ಕೆ ಬಗ್ಗುವ’ ಮತ್ತು ‘ಬಗ್ಗದ’ ಎಂಬ ಗುರುತುಗಳೇ ಅದಲು ಬದಲಾಗಿದ್ದವು. ಇಂಥ ಲೆಕ್ಕವನ್ನು ನಂಬಿದರೆ, ರೋಗಿಗೆ ಕೆಲಸ ಮಾಡದ ಔಷಧವನ್ನೇ ಆರಿಸಿ ಕೊಟ್ಟಂತಾಗುತ್ತದೆ. ಅಷ್ಟರಲ್ಲಿ ಡ್ಯೂಕ್‌ನಲ್ಲಿ ಈ ವಿಧಾನದ ಮೇಲೆ ರೋಗಿಗಳ ಪ್ರಯೋಗವೂ ಶುರುವಾಗಿತ್ತು. ನೂರಕ್ಕೂ ಹೆಚ್ಚು ಮಂದಿ ಅದರಲ್ಲಿ ಸೇರಿದ್ದರು. ಬ್ಯಾಗರ್ಲಿ ಮತ್ತು ಕೂಂಬ್ಸ್ ಪತ್ರ ಬರೆದರು, 2009ರಲ್ಲಿ ಸಂಖ್ಯಾಶಾಸ್ತ್ರದ ಪತ್ರಿಕೆಯೊಂದರಲ್ಲಿ ಎಲ್ಲವನ್ನೂ ಬಿಡಿಸಿಟ್ಟರು. ಪ್ರಯೋಗ ನಿಂತಿತು, ಮತ್ತೆ ಆರಂಭವಾಯಿತು, ಕೊನೆಗೆ 2010ರಲ್ಲಿ ಪೂರ್ತಿ ಮುಚ್ಚಿತು. 2011ರ ಜನವರಿಯಲ್ಲಿ ಮೂಲ ಪ್ರಬಂಧವನ್ನೇ ಹಿಂಪಡೆಯಲಾಯಿತು. ಸುಳ್ಳು ದತ್ತಾಂಶವೂ ಸೇರಿತ್ತೆಂದು 2015ರಲ್ಲಿ ಅಮೆರಿಕ ಸರ್ಕಾರದ ಕಚೇರಿಯೇ ಹೇಳಿತು.

ಇಂಥ ಲೆಕ್ಕದವರ ಅಗತ್ಯ ನಮ್ಮಲ್ಲೂ ಇದೆ. ಬಿ.ಎಸ್ಸಿ. ಮುಗಿಸಿ ‘ಮುಂದೇನು’ ಎಂದು ಯೋಚಿಸುತ್ತಿರುವ ಅನೇಕರಿಗೆ ಹೀಗೊಂದು ಉದ್ಯೋಗ ಇರುವುದೇ ಗೊತ್ತಿಲ್ಲ. ವೈದ್ಯಕೀಯ ಕಾಲೇಜೊಂದರ ಸಂಶೋಧನಾ ವಿಭಾಗದಲ್ಲಿ ಮೂರು ವರ್ಷಗಳಿಂದ ಇದೇ ಕೆಲಸ ಮಾಡುತ್ತಿರುವುದರಿಂದ ಈ ಮಾತು ಹೇಳುತ್ತಿದ್ದೇನೆ. ಅಂದಹಾಗೆ, ಇಲ್ಲಿ ಸಂಖ್ಯಾಶಾಸ್ತ್ರ ಎಂದರೆ ಹುಟ್ಟಿದ ದಿನಾಂಕ ಕೂಡಿಸಿ ಭವಿಷ್ಯ ಹೇಳುವುದಲ್ಲ, ಸ್ಟ್ಯಾಟಿಸ್ಟಿಕ್ಸ್!

ಎಷ್ಟು ಜನ ಬೇಕು?

ಎಂ.ಡಿ., ಎಂ.ಎಸ್. ಓದುವ ಪ್ರತಿಯೊಬ್ಬ ವೈದ್ಯರೂ ಪ್ರಬಂಧ ಸಲ್ಲಿಸಬೇಕು. ಒ.ಪಿ.ಡಿ., ವಾರ್ಡ್, ರಾತ್ರಿ ಪಾಳಿ ಮುಗಿಸಿ ಅವರು ನಮ್ಮ ಬಳಿ ಬಂದು ಕೇಳುವ ಮೊದಲ ಪ್ರಶ್ನೆ, ‘ಎಷ್ಟು ರೋಗಿಗಳನ್ನು ಸೇರಿಸಿಕೊಂಡರೆ ಸಾಕು?’

ಉದಾಹರಣೆಗೆ, ಒಂದು ತೊಂದರೆ ಸುಮಾರು ಶೇ 30ರಷ್ಟು ರೋಗಿಗಳಲ್ಲಿ ಇರಬಹುದು ಎಂಬ ಅಂದಾಜಿದೆ ಎನ್ನಿ. ಅದನ್ನು ಆಚೆ ಈಚೆ ಶೇ 5ರೊಳಗೆ, ಶೇ 95ರ ಭರವಸೆಯಲ್ಲಿ ಅಳೆಯಬೇಕಾದರೆ 323 ಜನ ಬೇಕು. ಸೂತ್ರಕ್ಕೆ ಹಾಕಿದರೆ ಈ ಉತ್ತರ ನಿಮಿಷದಲ್ಲಿ ಬರುತ್ತದೆ. ನಮ್ಮ ಕೆಲಸ ಅದರ ಹಿಂದಿನ ಪ್ರಶ್ನೆಗಳಲ್ಲಿದೆ. ಆ ಶೇ 30 ಎಲ್ಲಿಂದ ಬಂತು? ನಿಮ್ಮ ಆಸ್ಪತ್ರೆಗೆ ವರ್ಷಕ್ಕೆ ಅಷ್ಟು ರೋಗಿಗಳು ಬರುತ್ತಾರೆಯೇ? ಅರ್ಧಕ್ಕೇ ಬಿಟ್ಟು ಹೋಗುವವರು ಎಷ್ಟು? ಕಣ್ಣಿನ ವಿಭಾಗದವರು 50 ರೋಗಿಗಳ 100 ಕಣ್ಣು ಪರೀಕ್ಷಿಸಿ ‘ಸ್ಯಾಂಪಲ್ 100’ ಎಂದು ಬರೆದು ತರುವುದುಂಟು. ಒಬ್ಬರದೇ ಎರಡು ಕಣ್ಣುಗಳು ಒಂದನ್ನೊಂದು ಹೋಲುವುದರಿಂದ ಅವನ್ನು ಇಬ್ಬರು ಬೇರೆ ಬೇರೆ ರೋಗಿಗಳಂತೆ ಎಣಿಸಲಾಗದು. ಇದನ್ನು ಕೆಲಸ ಆರಂಭಿಸುವ ಮೊದಲೇ ಹೇಳಿದರೆ ಸರಿಪಡಿಸಬಹುದು.

ಕಲ್ಕತ್ತದಲ್ಲಿ 1938ರಲ್ಲಿ ನಡೆದ ಮೊದಲ ಭಾರತೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಅಧ್ಯಕ್ಷ ಭಾಷಣದಲ್ಲಿ ಆರ್.ಎ. ಫಿಷರ್ ಇದನ್ನೇ ಹೇಳಿದ್ದರು. ಪ್ರಯೋಗವೆಲ್ಲ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞರನ್ನು ಕರೆದರೆ ಅವರು ಮಾಡಬಹುದಾದದ್ದು ಮರಣೋತ್ತರ ಪರೀಕ್ಷೆ ಮಾತ್ರ ಎಂಬುದು ಅವರ ಮಾತಿನ ತಾತ್ಪರ್ಯ. ಎಂಟು ದಶಕಗಳ ನಂತರವೂ ಪ್ರಬಂಧ ಸಲ್ಲಿಸಲು ವಾರ ಉಳಿದಿರುವಾಗ ಪೆನ್‌ಡ್ರೈವ್ ಹಿಡಿದು ಬರುವವರೇ ಹೆಚ್ಚು.

20,000 ಜೀನ್, ಸಾವಿರ ಸುಳ್ಳು

ಬಯೋಇನ್ಫರ್ಮ್ಯಾಟಿಕ್ಸ್ ಕಡೆಗೆ ಹೋದರೆ ಲೆಕ್ಕ ಇನ್ನೂ ದೊಡ್ಡದು. ಮನುಷ್ಯರಲ್ಲಿ ಪ್ರೋಟೀನ್ ತಯಾರಿಸುವ ಜೀನ್‌ಗಳು ಸುಮಾರು 20,000. ರೋಗಿಗಳು ಮತ್ತು ಆರೋಗ್ಯವಂತರ ನಡುವೆ ಒಂದೊಂದು ಜೀನನ್ನೂ ಹೋಲಿಸಿ, ರೂಢಿಯಂತೆ ಶೇ 5ರ ಗಡಿ ಇಟ್ಟುಕೊಂಡರೆ, ನಿಜವಾಗಿ ಯಾವ ವ್ಯತ್ಯಾಸವೂ ಇಲ್ಲದಿದ್ದರೂ ಸುಮಾರು 1,000 ಜೀನ್‌ಗಳು ‘ವ್ಯತ್ಯಾಸ ಇದೆ’ ಎಂದು ಆಕಸ್ಮಿಕವಾಗಿ ಕೈ ಎತ್ತುತ್ತವೆ. ಇದನ್ನು ಹಿಡಿತದಲ್ಲಿಡುವ ವಿಧಾನವನ್ನು 1995ರಲ್ಲಿ ಇಸ್ರೇಲ್‌ನ ಬೆಂಜಮಿನಿ ಮತ್ತು ಹಾಕ್‌ಬರ್ಗ್ ಕೊಟ್ಟರು. ಇಂದು ಅದಿಲ್ಲದೆ ಜೀನ್‌ಗಳ ಅಧ್ಯಯನವೇ ನಡೆಯುವುದಿಲ್ಲ.

ಕೆಲವು ತೊಂದರೆಗಳು ತೀರಾ ಸಾಮಾನ್ಯ. ರೋಗಿಗಳ ರಕ್ತವನ್ನೆಲ್ಲ ಸೋಮವಾರ, ಆರೋಗ್ಯವಂತರ ರಕ್ತವನ್ನೆಲ್ಲ ಮಂಗಳವಾರ ಯಂತ್ರಕ್ಕೆ ಹಾಕಿದರೆ, ಕೊನೆಗೆ ಕಾಣುವ ವ್ಯತ್ಯಾಸ ಕಾಯಿಲೆಯದೋ ದಿನದ್ದೋ ಹೇಳಲಾಗದು. ‘ಸೆಪ್ಟ್2’, ‘ಮಾರ್ಚ್1’ ಎಂಬ ಹೆಸರಿನ ಜೀನ್‌ಗಳಿದ್ದವು. ಎಕ್ಸೆಲ್ ಇವನ್ನು ಸೆಪ್ಟೆಂಬರ್ 2, ಮಾರ್ಚ್ 1 ಎಂದು ತಾರೀಖು ಮಾಡಿಬಿಡುತ್ತಿತ್ತು. ಎಕ್ಸೆಲ್‌ನಲ್ಲಿ ಜೀನ್ ಪಟ್ಟಿ ಕೊಟ್ಟಿದ್ದ ಪ್ರಬಂಧಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಇಂಥ ದೋಷವಿದೆ ಎಂದು 2016ರ ಅಧ್ಯಯನವೊಂದು ತೋರಿಸಿತು. ಕೊನೆಗೆ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಸೋತು, ಹೆಸರುಗಳನ್ನು ‘ಸೆಪ್ಟಿನ್2’, ‘ಮಾರ್ಚ್‌ಎಫ್1’ ಎಂದು ಬದಲಿಸಿತು!

ಇಲ್ಲ ಎನ್ನುವ ಕಷ್ಟ

ಈ ಕೆಲಸದಲ್ಲಿ ಸೂತ್ರಕ್ಕಿಂತ ಕಷ್ಟದ್ದು ಇನ್ನೊಂದಿದೆ. ‘ಪಿ ವ್ಯಾಲ್ಯೂ 0.08 ಬಂದಿದೆ, ಏನಾದರೂ ಮಾಡಿ 0.05ಕ್ಕಿಂತ ಕೆಳಗೆ ತರೋಕಾಗುತ್ತಾ?’ ಎಂದು ಕೇಳುವವರು ಸಿಗುತ್ತಾರೆ. ಎಲ್ಲರಿಗೂ ಕೆಟ್ಟ ಉದ್ದೇಶವಿರುತ್ತದೆ ಎಂದಲ್ಲ. ವ್ಯತ್ಯಾಸ ಕಾಣದಿದ್ದರೆ ಪ್ರಬಂಧ ತಿರಸ್ಕೃತವಾಗುತ್ತದೆ ಎಂಬ ಭಯ ಅವರದು. ಇಬ್ಬರು ರೋಗಿಗಳನ್ನು ಪಟ್ಟಿಯಿಂದ ತೆಗೆದರೆ ಅಂಕಿ ಇಳಿಯಬಹುದು. ಆದರೆ ಆ ಪ್ರಬಂಧವನ್ನು ಓದಿ ಇನ್ನೊಂದು ಊರಿನ ವೈದ್ಯರು ಔಷಧ ಬರೆಯುತ್ತಾರೆ. ವಯಸ್ಸಿನಲ್ಲಿ, ಅಧಿಕಾರದಲ್ಲಿ ದೊಡ್ಡವರಾದ ಪ್ರೊಫೆಸರ್ ಎದುರು ಕೂತು, ‘ಆಗಲ್ಲ ಮೇಡಂ, ಬಂದದ್ದನ್ನು ಬಂದ ಹಾಗೇ ಬರೆಯೋಣ. ವ್ಯತ್ಯಾಸ ಸಿಗಲಿಲ್ಲ ಅನ್ನೋದೂ ಒಂದು ಉತ್ತರವೇ’ ಎಂದು ಮರ್ಯಾದೆಯಿಂದಲೇ ಹೇಳಲು ಕಲಿಯಬೇಕು. ನನ್ನ ಅನುಭವದಲ್ಲಿ, ಕಾರಣವನ್ನು ಬಿಡಿಸಿ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ.

ಎಲ್ಲಿ ಕಲಿಯಬಹುದು?

ಸಂಖ್ಯಾಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್, ಜೀವಶಾಸ್ತ್ರ, ಬಯೋಟೆಕ್ನಾಲಜಿ ಓದಿದವರಿಗೆಲ್ಲ ಇಲ್ಲಿ ದಾರಿಯಿದೆ. ಬೆಂಗಳೂರಿನ ನಿಮ್ಹಾನ್ಸ್, ಮಣಿಪಾಲ, ವೆಲ್ಲೂರಿನ ಸಿ.ಎಂ.ಸಿ.ಗಳಲ್ಲಿ ಬಯೋಸ್ಟ್ಯಾಟಿಸ್ಟಿಕ್ಸ್ ಕಲಿಯಬಹುದು. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ಐ.ಬಿ.ಎ.ಬಿ. ಬಯೋಇನ್ಫರ್ಮ್ಯಾಟಿಕ್ಸ್‌ಗೆ ಹೆಸರಾದ ಸಂಸ್ಥೆ. ಮಾನವ ಪ್ರೋಟೀನ್‌ಗಳ ಕರಡು ನಕ್ಷೆ 2014ರಲ್ಲಿ ‘ನೇಚರ್’ನಲ್ಲಿ ಪ್ರಕಟವಾದಾಗ ಅದರಲ್ಲಿ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್‌ನ ದೊಡ್ಡ ಪಾಲಿತ್ತು. 10,000 ಭಾರತೀಯರ ಜೀನೋಮ್ ಓದಿದ ‘ಜೀನೋಮ್ ಇಂಡಿಯಾ’ ಯೋಜನೆಯ ಸಮನ್ವಯ ನಡೆದದ್ದೂ ಇಲ್ಲಿಯ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರದಿಂದ. ಆ ದತ್ತಾಂಶವನ್ನು ಓದಿ ಅರ್ಥ ಮಾಡಿಕೊಳ್ಳುವ ಕೆಲಸ ಇನ್ನು ಮುಂದೆ ಬೇಕಾದಷ್ಟಿದೆ.

ವೈದ್ಯಕೀಯ ಕಾಲೇಜುಗಳು, ಔಷಧ ಕಂಪನಿಗಳು, ಔಷಧ ಪ್ರಯೋಗ ನಡೆಸಿಕೊಡುವ ಸಂಸ್ಥೆಗಳು, ಜೀನ್ ಪರೀಕ್ಷಾ ಪ್ರಯೋಗಾಲಯಗಳಲ್ಲಿ ಉದ್ಯೋಗಗಳಿವೆ. ಸರ್ಕಾರಿ ಅನುದಾನದ ಹುದ್ದೆಗಳಲ್ಲಿ ಅನೇಕವು ಯೋಜನೆ ಮುಗಿಯುವವರೆಗೆ ಮಾತ್ರ. ಇದನ್ನು ತಿಳಿದೇ ಸೇರುವುದು ಒಳ್ಳೆಯದು. ಸಂದರ್ಶನಕ್ಕೆ ಹೋದಾಗ, ಪ್ರಬಂಧದ ಲೇಖಕರಲ್ಲಿ ನಿಮ್ಮ ಹೆಸರೂ ಇರುತ್ತದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಅಧ್ಯಯನವನ್ನು ರೂಪಿಸಿ, ಲೆಕ್ಕ ಮಾಡಿ, ಬರವಣಿಗೆಯಲ್ಲೂ ಪಾಲ್ಗೊಂಡು ಹೊಣೆ ಹೊತ್ತವರು ಲೇಖಕರೇ.

ಶುರುಮಾಡಲು ದುಡ್ಡು ಬೇಕಿಲ್ಲ. ನ್ಯೂಜಿಲೆಂಡ್‌ನ ಇಬ್ಬರು ಪ್ರಾಧ್ಯಾಪಕರು ರೂಪಿಸಿದ ‘ಆರ್’ ತಂತ್ರಾಂಶ ಉಚಿತ. ಅದರ ಮೇಲೆ ನಡೆಯುವ ‘ಬಯೋಕಂಡಕ್ಟರ್’ ಕೂಡ ಉಚಿತ. ಎನ್‌ಪಿಟಿಇಎಲ್‌ನಲ್ಲಿ ಪಾಠಗಳಿವೆ. ಸಂಶೋಧಕರು ಎಲ್ಲರಿಗೂ ತೆರೆದಿಟ್ಟಿರುವ ಜೀನ್ ದತ್ತಾಂಶ ಅಮೆರಿಕದ ‘ಜಿಯೊ’ ಭಂಡಾರದಲ್ಲಿ ಸಿಗುತ್ತದೆ. ಪ್ರಕಟವಾದ ಒಂದು ಪ್ರಬಂಧ ಆರಿಸಿಕೊಳ್ಳಿ. ಅದರ ದತ್ತಾಂಶ ಇಳಿಸಿಕೊಂಡು, ಒಂದು ಚಿತ್ರವನ್ನಾದರೂ ನೀವೇ ಮತ್ತೆ ಬರಿಸಲು ನೋಡಿ. ಪ್ರತಿ ಹೆಜ್ಜೆಯನ್ನೂ ಬರೆದಿಡಿ. ತಾಳೆಯಾದರೆ ಕೆಲಸ ಕಲಿತಿರಿ. ಆಗದಿದ್ದರೆ ಏಕೆ ಎಂದು ಹುಡುಕಿ. ಬ್ಯಾಗರ್ಲಿ, ಕೂಂಬ್ಸ್ ಆರಂಭಿಸಿದ್ದೂ ಹೀಗೆಯೇ. ಸಂದರ್ಶನಕ್ಕೆ ಹೋಗುವಾಗ ಪ್ರಮಾಣಪತ್ರಗಳ ಜೊತೆ ಆ ಟಿಪ್ಪಣಿಯನ್ನೂ ತೆಗೆದುಕೊಂಡು ಹೋಗಿ.